ನಾಯಕನಿಗೇ ಗುರಿಯಿಡಿ: ಹಾರ್ತ್‌ಸ್ಟೋನ್ ಕಾರ್ಡು ಕಾಳಗ ಹೊಸದಾಗಿ ಕಲಿಯುವವರಿಗೆ



ಕಾರ್ಡು ಆಟ ಅಂದ ಕೂಡಲೇ ನಮ್ಮೂರಲ್ಲಿ ಎಲ್ಲರಿಗೂ ನೆನಪಾಗುವುದು ಅರಳಿಕಟ್ಟೆ ಮೇಲಿನ ಇಸ್ಪೀಟು. ಆದ್ದರಿಂದ ತಲೆಬರಹ ನೋಡಿ ಯಾರೂ ಗಾಬರಿಯಾಗಬೇಡಿ. ಪಣ ಕಟ್ಟುವ ಆಟಕ್ಕೂ ಇದಕ್ಕೂ ಸಂಬಂಧವಿಲ್ಲ. (ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆಗೆ 2025ರಲ್ಲಿ ಸಂಸತ್ತು ಒಪ್ಪಿಗೆ ಕೊಟ್ಟಿತು. ಅದು ರಮ್ಮಿ ಮುಂತಾದವುಗಳ ವಿಷಯ.) ನಾನು ಬರೆಯುತ್ತಿರುವುದು ಹಾರ್ತ್‌ಸ್ಟೋನ್ ಎಂಬ ಆಟದ ಬಗ್ಗೆ. ಅಮೆರಿಕದ ಬ್ಲಿಝಾರ್ಡ್ ಕಂಪನಿಯವರು ಇದನ್ನು 2014ರ ಮಾರ್ಚಿಯಲ್ಲಿ ಕಂಪ್ಯೂಟರಿಗೆ ಬಿಟ್ಟರು, 2015ರಲ್ಲಿ ಫೋನಿಗೂ ಬಂತು. ಇದು ಚದುರಂಗದ ತಂಗಿ ಇದ್ದ ಹಾಗೆ, ಆದರೆ ಅಕ್ಕನಷ್ಟು ಗಂಭೀರ ಅಲ್ಲ.

ಇದೇನು ಮಹಾ ಆಟ ಅಂತ ಮೂಗು ಮುರಿಯುವವರಿಗೆ ಒಂದು ಮಾತು. 2018ರಲ್ಲಿ ಇಂಡೋನೇಷ್ಯಾದಲ್ಲಿ ನಡೆದ ಏಷ್ಯನ್ ಕ್ರೀಡಾಕೂಟದಲ್ಲಿ ಹಾರ್ತ್‌ಸ್ಟೋನ್ ಕೂಡ ಒಂದು ಸ್ಪರ್ಧೆಯಾಗಿತ್ತು. ಅದರಲ್ಲಿ ನಮ್ಮ ದೇಶದ, ಗುಜರಾತಿನ ತೀರ್ಥ್ ಮೆಹ್ತಾ ಕಂಚಿನ ಪದಕ ಗೆದ್ದರು. ಪ್ರದರ್ಶನ ಕ್ರೀಡೆ ಅಂತ ಇಟ್ಟಿದ್ದರಿಂದ ಆ ಪದಕ ದೇಶದ ಪದಕಪಟ್ಟಿಗೆ ಸೇರಲಿಲ್ಲ ಅಷ್ಟೇ.

ನಾನು ಇದನ್ನು ಬರೆಯಲು ಕಾರಣ ನಮ್ಮ ಚಿಕ್ಕಪ್ಪನ ಮಗ. ಏಳನೇ ಕ್ಲಾಸು. ದಸರಾ ರಜೆಯಲ್ಲಿ ಸಾಲಾಗಿ ಹನ್ನೊಂದು ಆಟ ಸೋತು ನನ್ನ ಹತ್ರ ಬಂದ. "ಅಣ್ಣಾ, ಅವರ ಹತ್ರ ಎಲ್ಲಾ ದೊಡ್ಡ ದೊಡ್ಡ ಕಾರ್ಡ್ ಇದಾವೆ ಕಣಣ್ಣ. ನಂದೆಲ್ಲಾ ಪುಡಿ ಕಾರ್ಡು. ಅಪ್ಪನ ಫೋನಿಂದ ದುಡ್ ಕಳಿಸಿ ಒಂದೆರಡ್ ಪ್ಯಾಕೆಟ್ ತಗೊಂಬಿಡ್ಲಾ? ಗೊತ್ತಾಗಲ್ಲ ಅಲ್ವಾ?" ಅಂದ. ಚಿಕ್ಕಪ್ಪನ ಫೋನಿನ ಖಾತೆಗೆ ಬೀಳುವುದು ಡೈರಿ ಹಾಲಿನ ದುಡ್ಡು. ಹಿಂಡಿ, ಬೂಸಾ ಎಲ್ಲ ಅದರಲ್ಲೇ ಆಗಬೇಕು. ಅವನಿಗೆ ಬೈದು ಪ್ರಯೋಜನ ಇರಲಿಲ್ಲ. ಪುಡಿ ಕಾರ್ಡಿನಲ್ಲೇ ಗೆಲ್ಲಬಹುದು ಅಂತ ತೋರಿಸಿಕೊಡಬೇಕಿತ್ತು. ಅವನಿಗೆ ಹೇಳಿಕೊಟ್ಟಿದ್ದನ್ನೇ ಇಲ್ಲಿ ನಿಮಗೂ ಹೇಳುತ್ತೇನೆ.

ಆಟದ ನಿಯಮ ಸ್ವಲ್ಪದರಲ್ಲಿ

ಇಬ್ಬರೇ ಆಟಗಾರರು. ಒಬ್ಬೊಬ್ಬರಿಗೂ ಒಬ್ಬ ನಾಯಕ, ನಾಯಕನಿಗೆ 30 ಜೀವ. ಯಾರ ನಾಯಕನ ಜೀವ ಸೊನ್ನೆಗೆ ಬರುತ್ತದೋ ಅವರು ಸೋತರು. ಸಾಮಾನ್ಯವಾಗಿ ಕಟ್ಟಿನಲ್ಲಿ 30 ಕಾರ್ಡು. ಆ ಕಟ್ಟನ್ನು ನಾವೇ ಮೊದಲೇ ಆರಿಸಿ ಜೋಡಿಸಿರಬೇಕು. ಒಂದೇ ಬಗೆಯ ಕಾರ್ಡು ಎರಡಕ್ಕಿಂತ ಹೆಚ್ಚು ಹಾಕುವ ಹಾಗಿಲ್ಲ. ಕಾರ್ಡು ಇಳಿಸಬೇಕಾದರೆ ಮ್ಯಾನಾ ಎಂಬ ಹರಳು ಖರ್ಚು ಮಾಡಬೇಕು. ಮೊದಲ ಸರದಿಯಲ್ಲಿ 1 ಹರಳು, ಎರಡನೆಯದರಲ್ಲಿ 2, ಹೀಗೆ ಏರುತ್ತಾ 10ಕ್ಕೆ ನಿಲ್ಲುತ್ತದೆ. ಈ ಸರದಿಯಲ್ಲಿ ಉಳಿಸಿದ ಹರಳು ಮುಂದಿನ ಸರದಿಗೆ ಬರುವುದಿಲ್ಲ, ಹೋಯ್ತು ಅಂದರೆ ಹೋಯ್ತು. ಇದನ್ನು ನೆನಪಿಡಿ.

ಕಾರ್ಡುಗಳಲ್ಲಿ ಮುಖ್ಯವಾಗಿ ಎರಡು ಜಾತಿ. ಒಂದು ಆಳು. ಪ್ರತಿ ಆಳಿಗೂ ಎರಡು ಸಂಖ್ಯೆ ಇರುತ್ತವೆ, ಹೊಡೆತ ಎಷ್ಟು, ಜೀವ ಎಷ್ಟು ಅಂತ. ಇಳಿಸಿದ ಸರದಿಯಲ್ಲಿ ಆಳು ಹೊಡೆಯುವ ಹಾಗಿಲ್ಲ, ಮುಂದಿನ ಸರದಿಯವರೆಗೂ ಕಾಯಬೇಕು. ಚಾರ್ಜ್ ಎಂಬ ಗುಣ ಇದ್ದರೆ ಮಾತ್ರ ಇಳಿದ ಕೂಡಲೇ ನಾಯಕನ ಮೇಲೆ ನುಗ್ಗಬಹುದು. ಇನ್ನೊಂದು ಜಾತಿ ಮಂತ್ರ. ಅದು ಆಗಲೇ ಕೆಲಸ ಮಾಡಿ ಮುಗಿದುಹೋಗುತ್ತದೆ. ಇವೆರಡೂ ಅಲ್ಲದೆ ಪ್ರತಿ ನಾಯಕನಿಗೂ ಸ್ವಂತ ಶಕ್ತಿ ಒಂದಿದೆ, ಸರದಿಗೆ ಒಂದು ಸಲ, ಸಾಮಾನ್ಯವಾಗಿ 2 ಹರಳು ಕೊಟ್ಟು ಬಳಸಬಹುದು. ನಮಗೆ ಬೇಕಾದ ನಾಯಕ ಹಂಟರ್, ಅಂದರೆ ಬೇಟೆಗಾರ. ಅವನ ಶಕ್ತಿ ಏನೆಂದರೆ ಎದುರಾಳಿ ನಾಯಕನಿಗೆ ನೇರವಾಗಿ 2 ಹೊಡೆತ. ಬೇರೆ ನಾಯಕರು ಗಾಯ ವಾಸಿ ಮಾಡುತ್ತಾರೆ, ಕವಚ ತೊಡುತ್ತಾರೆ, ಕಾರ್ಡು ಎಳೆಯುತ್ತಾರೆ. ಇವನಿಗೆ ಗೊತ್ತಿರುವುದು ಹೊಡೆಯುವುದೊಂದೇ.

ಯಾರಿಗೆ ಹೊಡೆಯಬೇಕು?

ಇಲ್ಲೇ ಎಲ್ಲರೂ ಎಡವುವುದು. ನಿಮ್ಮ ಆಳು ಎದುರಾಳಿಯ ಆಳಿಗೂ ಹೊಡೆಯಬಹುದು, ನಾಯಕನಿಗೂ ಹೊಡೆಯಬಹುದು. ಹೊಸಬರಿಗೆ ಎದುರಿಗೆ ಒಂದು ಆಳು ಕಂಡರೆ ಸಾಕು, ಕೈ ತುರಿಸುತ್ತದೆ. ನಮ್ಮ ಹುಡುಗನೂ ಹಾಗೇ. ಅವನು ಇಳಿಸಿದ ಆಳೆಲ್ಲ ಅವರ ಆಳಿನ ಜೊತೆ ಹೊಡೆದಾಡಿ ಸಾಯುತ್ತಿದ್ದವು. ಹತ್ತನೇ ಸರದಿ ಹೊತ್ತಿಗೆ ಎದುರಾಳಿ ನಾಯಕನಿಗೆ ಇನ್ನೂ 27 ಜೀವ! ಆಮೇಲೆ 10 ಹರಳಿನ ದೈತ್ಯ ಕಾರ್ಡುಗಳು ಬಂದವು, ಇವನ ಕಥೆ ಮುಗೀತು.

ಚೌಕಾಬಾರ ಆಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ನಮ್ಮ ಕಡೆ ಒಂದು ಕಾಯಿ ಕಡಿಯದೆ ಒಳಮನೆಗೆ ಹೋಗುವ ಹಾಗಿಲ್ಲ. ಸರಿ, ಒಂದು ಕಡಿದಿರಿ. ಆಮೇಲೂ ಕಡಿಯುವುದೇ ಹಠ ಅಂತ ಹಿಂದೆ ಹಿಂದೆ ಸುತ್ತುತ್ತಾ ಕೂತರೆ ಪಕ್ಕದವರ ನಾಲ್ಕು ಕಾಯಿ ಹಣ್ಣಾಗಿರುತ್ತವೆ. ನಮ್ಮ ಅಜ್ಜಿ ಆಡುವುದನ್ನು ನೋಡಬೇಕು, ಬೇಕಾದಾಗ ಮಾತ್ರ ಕಡಿದು ಉಳಿದ ಹೊತ್ತೆಲ್ಲ ಮನೆ ಕಡೆಗೇ ನಡೆಸುತ್ತಾರೆ. ಹಾರ್ತ್‌ಸ್ಟೋನಿನಲ್ಲಿ ಹಣ್ಣಾಗುವುದು ಅಂದರೆ ಎದುರಾಳಿ ನಾಯಕನ 30 ಜೀವ ಕಳೆಯುವುದು. ಆಳು ಕೊಂದಿದ್ದಕ್ಕೆ ಬಿಡಿಯಾಗಿ ಅಂಕ ಏನೂ ಇಲ್ಲ.

ಈಗ ಲೆಕ್ಕ ಮಾಡೋಣ. ಎದುರಾಳಿ ಏನೂ ಅಡ್ಡ ಮಾಡಲಿಲ್ಲ ಅಂತ ಇಟ್ಟುಕೊಳ್ಳಿ.

ಸರದಿ 1: 1 ಹರಳಿಗೆ 2 ಹೊಡೆತದ ಆಳು ಇಳಿಸಿದಿರಿ. ಎದುರಾಳಿ 30.
ಸರದಿ 2: ಅದು ಹೊಡೆಯಿತು, 28. 2 ಹರಳಿಗೆ 3 ಹೊಡೆತದ ಇನ್ನೊಂದು ಆಳು.
ಸರದಿ 3: 2 ಮತ್ತು 3 ಸೇರಿ 5. ವುಲ್ಫ್‌ರೈಡರ್ ಅಂತ ಒಂದು ಕಾರ್ಡಿದೆ, 3 ಹರಳು, 3 ಹೊಡೆತ, ಬರೀ 1 ಜೀವ, ಚಾರ್ಜ್ ಗುಣ. ಅದನ್ನು ಇಳಿಸಿ ಆಗಲೇ ನುಗ್ಗಿಸಿದಿರಿ. ಒಟ್ಟು 8. ಎದುರಾಳಿ 20.
ಸರದಿ 4: ಮೂರೂ ಸೇರಿ 8, ಬೇಟೆಗಾರನ ಶಕ್ತಿ 2. ಎದುರಾಳಿ 10. ಉಳಿದ 2 ಹರಳಿಗೆ 3 ಹೊಡೆತದ ಮತ್ತೊಂದು ಆಳು.
ಸರದಿ 5: 2+3+3+3, ಹನ್ನೊಂದು. ಆಟ ಮುಗಿಯಿತು.

ಎದುರಾಳಿ 10 ಹರಳಿನ ದೈತ್ಯನನ್ನು ಕೈಯಲ್ಲೇ ಹಿಡಿದುಕೊಂಡು ಕೂತಿರುತ್ತಾನೆ! ನಿಜವಾದ ಆಟದಲ್ಲಿ ಯಾರೂ ಸುಮ್ಮನೆ ಕೂರುವುದಿಲ್ಲ, ಆದ್ದರಿಂದ ಎರಡು ಮೂರು ಸರದಿ ಜಾಸ್ತಿ ಹಿಡಿಯುತ್ತದೆ. ಆದರೂ ಈ ಪಟ್ಟಿಯನ್ನು ಇನ್ನೊಮ್ಮೆ ನೋಡಿ. ಮೊದಲನೇ ಸರದಿಯಲ್ಲಿ ಇಳಿಸಿದ 2 ಹೊಡೆತದ ಆಳು ಎರಡರಿಂದ ಐದನೇ ಸರದಿವರೆಗೆ ನಾಲ್ಕು ಸಲ ಹೊಡೆಯಿತು, 8 ಜೀವ ತೆಗೆಯಿತು. ಅದೇ ಆಳನ್ನು ನಾಲ್ಕನೇ ಸರದಿಯಲ್ಲಿ ಇಳಿಸಿದ್ದರೆ ಒಂದೇ ಸಲ, 2 ಜೀವ. ಕಾರ್ಡು ಅದೇ, ಬೆಲೆ ಅದೇ. ಹದ ಮಳೆಗೆ ಬಿತ್ತಿದ ರಾಗಿಗೂ ತಡವಾಗಿ ಬಿತ್ತಿದ ರಾಗಿಗೂ ಇರುವ ವ್ಯತ್ಯಾಸ ಅಂದುಕೊಳ್ಳಿ.

ಇದು ಎಷ್ಟು ದೊಡ್ಡ ವಿಷಯ ಅಂದರೆ, ಲೆಪರ್ ನೋಮ್ ಅಂತ 1 ಹರಳಿನ ಒಂದು ಪುಟಾಣಿ ಕಾರ್ಡಿತ್ತು. ಹೊಡೆತ 2, ಸತ್ತರೂ ಎದುರಾಳಿ ನಾಯಕನಿಗೆ 2 ಪೆಟ್ಟು ಕೊಟ್ಟೇ ಸಾಯುತ್ತಿತ್ತು. ಇದರ ಕಾಟ ತಡೆಯಲಾರದೆ 2016ರಲ್ಲಿ ಆಟದವರೇ ಅದರ ಹೊಡೆತವನ್ನು 2ರಿಂದ 1ಕ್ಕೆ ಇಳಿಸಿದರು. ಅಷ್ಟೆಲ್ಲಾ ದೈತ್ಯರಿದ್ದರೂ ಈ ನರಪೇತಲನಿಗೆ ಕತ್ತರಿ ಬಿತ್ತು ಅಂದರೆ ಯೋಚನೆ ಮಾಡಿ.

ಆದ್ದರಿಂದ ಆಟ ಶುರುವಾಗುವಾಗ ಕೈಗೆ ಬರುವ ಕಾರ್ಡುಗಳನ್ನು ನೋಡಿ. ಮೊದಲು ಆಡುವವನಿಗೆ 3, ಎರಡನೆಯವನಿಗೆ 4 ಕಾರ್ಡು ಬರುತ್ತವೆ. ಜೊತೆಗೆ ಎರಡನೆಯವನಿಗೆ ಒಂದು ಸರದಿಗೆ ಒಂದು ಹರಳು ಕೊಡುವ ನಾಣ್ಯವೂ ಸಿಗುತ್ತದೆ. ಬೇಡದ ಕಾರ್ಡನ್ನು ಆಗ ಒಂದು ಸಲ ಬದಲಾಯಿಸಬಹುದು. ಎಷ್ಟೇ ಚೆಂದದ ಕಾರ್ಡಾದರೂ 3 ಹರಳಿಗಿಂತ ಹೆಚ್ಚಿನದಾದರೆ ವಾಪಸ್ ಕೊಡಿ. ಕಟ್ಟಿನಲ್ಲಿ 1 ಹರಳಿನ ಆಳು ಎಂಟು ಇದ್ದರೆ, ಮೊದಲ ಮೂರು ಕಾರ್ಡಿನಲ್ಲಿ ಒಂದೂ ಬಾರದಿರುವ ಸಂಭವ 22/30 × 21/29 × 20/28, ಅಂದರೆ ನೂರಕ್ಕೆ ಸುಮಾರು 38. ಮೂರನ್ನೂ ಬದಲಾಯಿಸಿ, ಮೊದಲ ಸರದಿಗೆ ಬರುವ ಕಾರ್ಡನ್ನೂ ಸೇರಿಸಿಕೊಂಡರೆ ಸಿಗದಿರುವುದು ನೂರಕ್ಕೆ 9 ಸಲ ಮಾತ್ರ. ಸಂಭವನೀಯತೆ ಪಾಠ ಯಾತಕ್ಕೆ ಬರುತ್ತೆ ಅಂತ ಕೇಳುತ್ತಿದ್ದವರು ಇದನ್ನು ಒಂದು ಸಲ ಮಾಡಿ ನೋಡಿ.

ಯಾವಾಗ ಆಳಿಗೆ ಹೊಡೆಯಬೇಕು?

ಹಾಗಂತ ಕಣ್ಣು ಮುಚ್ಚಿಕೊಂಡು ನಾಯಕನಿಗೇ ಹೊಡೀತಾ ಇದ್ದರೆ ಆಗುವುದಿಲ್ಲ. ಈ ಬೇಟೆಗಾರನ ಆಟವನ್ನು ಹೊರಗಡೆ ಫೇಸ್ ಹಂಟರ್ ಅಂತ ಕರೆದು, ಬುದ್ಧಿ ಬೇಡದ ಆಟ ಅಂತ ಗೇಲಿ ಮಾಡುವವರು ಬಹಳ ಮಂದಿ. ನನಗೆ ಅದು ಒಪ್ಪಿಗೆಯಿಲ್ಲ. ಯಾವ ಸರದಿಯಲ್ಲಿ ಗುರಿ ಬಿಡಬೇಕು ಅನ್ನುವುದೇ ಇದರ ಬುದ್ಧಿ.

ಮೊದಲನೆಯದಾಗಿ ಟಾಂಟ್ ಎಂಬ ಗುಣ. ಇದು ಇರುವ ಆಳು ಬಾಗಿಲಲ್ಲಿ ನಿಂತ ಕಾವಲುಗಾರನ ಹಾಗೆ. ಅವನನ್ನು ಕೊಲ್ಲದೆ ನಿಮ್ಮ ಆಳುಗಳು ನಾಯಕನ ಹತ್ತಿರ ಹೋಗುವಂತಿಲ್ಲ. ಆದರೆ ಮಂತ್ರಕ್ಕೂ ಬೇಟೆಗಾರನ ಶಕ್ತಿಗೂ ಈ ತಡೆ ಇಲ್ಲ, ಅವು ಕಾವಲುಗಾರನ ತಲೆ ಮೇಲಿಂದ ಹಾರಿ ಹೋಗುತ್ತವೆ.

ಎರಡನೆಯದು, ಎದುರಾಳಿಯ ಒಂದು ಆಳು ಹಾಗೇ ಬಿಟ್ಟರೆ ಬೆಳೆಯುತ್ತಾ ಹೋಗುವಂಥದ್ದೋ, ಪ್ರತಿ ಸರದಿ ಅವನಿಗೆ ಕಾರ್ಡು ತಂದುಕೊಡುವಂಥದ್ದೋ ಆಗಿದ್ದರೆ. ಅದನ್ನು ಮೊದಲೇ ಚಿವುಟಬೇಕು.

ಮೂರನೆಯದು ಸ್ವಲ್ಪ ಕಷ್ಟದ್ದು. ಎದುರಾಳಿಯೂ ನಿಮ್ಮ ಹಾಗೇ ನುಗ್ಗುವವನಾದರೆ? 1999ರಲ್ಲಿ ಅಮೆರಿಕದ ಮೈಕ್ ಫ್ಲೋರ್ಸ್ ಎಂಬ ಆಟಗಾರ ಇದರ ಮೇಲೇ ಒಂದು ಲೇಖನ ಬರೆದ. ಅದು ಮ್ಯಾಜಿಕ್ ಎಂಬ ಕಾಗದದ ಕಾರ್ಡಿನ ಆಟಕ್ಕೆ ಬರೆದದ್ದು. ಆ ಆಟವನ್ನು 1993ರಲ್ಲಿ ಹೊರತಂದದ್ದು ರಿಚರ್ಡ್ ಗಾರ್ಫೀಲ್ಡ್ ಎಂಬ ಗಣಿತದ ಮೇಷ್ಟ್ರು. ಹಾರ್ತ್‌ಸ್ಟೋನಿನಂಥ ಆಟಗಳಿಗೆಲ್ಲ ಅದೇ ತಾಯಿಬೇರು. ಫ್ಲೋರ್ಸ್ ಹೇಳಿದ್ದು ಇಷ್ಟು. ಇಬ್ಬರೂ ನುಗ್ಗುವವರೇ ಆದರೂ ಪ್ರತಿ ಆಟದಲ್ಲಿ ಒಬ್ಬ ನುಗ್ಗುವವನು, ಇನ್ನೊಬ್ಬ ತಡೆಯುವವನು ಆಗಿಯೇ ಇರುತ್ತಾನೆ. ತಾನು ಯಾರು ಎಂಬುದನ್ನು ತಪ್ಪು ತಿಳಿದವನು ಸೋಲುತ್ತಾನೆ. ಇದನ್ನು ನಮ್ಮ ಭಾಷೆಯಲ್ಲಿ ಹೇಳುವುದಾದರೆ, ಪ್ರತಿ ಸರದಿಯಲ್ಲೂ ಎರಡು ಭಾಗಾಕಾರ ಮಾಡಿ. ಅವನ ಜೀವವನ್ನು ನಿಮ್ಮ ಒಂದು ಸರದಿಯ ಹೊಡೆತದಿಂದ ಭಾಗಿಸಿ. ನಿಮ್ಮ ಜೀವವನ್ನು ಅವನ ಹೊಡೆತದಿಂದ ಭಾಗಿಸಿ. ಅವನಿಗೆ 16 ಜೀವ, ನಿಮ್ಮ ಹೊಡೆತ 8 ಅಂದರೆ ಎರಡು ಸರದಿ. ನಿಮಗೆ 20 ಜೀವ, ಅವನ ಹೊಡೆತ 5 ಅಂದರೆ ನಾಲ್ಕು ಸರದಿ. ನುಗ್ಗಿ! ಅದೇ ನಿಮ್ಮದು ನಾಲ್ಕು, ಅವನದು ಎರಡು ಅಂತ ಬಂದರೆ ಈ ಸರದಿ ಆಳುಗಳಿಗೆ ಹೊಡೆಯಿರಿ. ಎರಡೂ ಸಮ ಬಂದರೆ ಯಾರ ಸರದಿ ಈಗ ನಡೆಯುತ್ತಿದೆಯೋ ಅವರೇ ಮುಂದೆ.

ಇನ್ನೊಂದು ಗುಟ್ಟಿದೆ. ನೀವು ನಾಯಕನಿಗೇ ಹೊಡೆಯುತ್ತಾ ಹೋದರೆ ಎದುರಾಳಿಗೆ ಹೆದರಿಕೆ ಹುಟ್ಟುತ್ತದೆ. ಆಗ ಅವನೇ ತನ್ನ ಆಳುಗಳನ್ನು ನಿಮ್ಮ ಆಳುಗಳ ಮೇಲೆ ಬಿಡುತ್ತಾನೆ. ಹೊಡೆದಾಟದ ಕೆಲಸ ಅವನು ಮಾಡಿಕೊಳ್ಳಲಿ, ಆ ಹೊತ್ತು ನಿಮ್ಮ ನಾಯಕನ ಮೈ ಮುಟ್ಟುವವರು ಯಾರೂ ಇರುವುದಿಲ್ಲ.

ಕೈ ಬರಿದು ಮಾಡಿಕೊಳ್ಳಬೇಡಿ

ನಮ್ಮ ಹುಡುಗನಿಗೆ ಇಷ್ಟು ಹೇಳಿದ ಮೇಲೆ ಅವನು ಇನ್ನೊಂದು ಅತಿಗೆ ಹೋದ. ಕೈಗೆ ಬಂದಿದ್ದನ್ನೆಲ್ಲ ಸುರಿದುಬಿಡುವುದು. ಐದು ಆಳು ಸಾಲಾಗಿ ನಿಂತಿದ್ದವು, ಎದುರಾಳಿ ಪಾಲಡಿನ್ ನಾಲ್ಕು ಹರಳಿನ ಒಂದು ಮಂತ್ರ ಹಾಕಿದ, ಎಲ್ಲಕ್ಕೂ 2 ಪೆಟ್ಟು. ಐದೂ ಹೋದವು. "ಇದ್ಯಾವ್ ನ್ಯಾಯ!" ಅಂತ ಫೋನು ಚಾಪೆ ಮೇಲೆ ಎಸೆದ. ಪಾಲಡಿನ್ ಎದುರಾದರೆ ನಾಲ್ಕನೇ ಸರದಿಗೆ, ಮಂತ್ರಗಾರ ಎದುರಾದರೆ ಏಳನೇ ಸರದಿಗೆ ಇಂಥ ಮಂತ್ರ ಬರಬಹುದು ಅಂತ ಲೆಕ್ಕ ಇಟ್ಟಿರಬೇಕು. ಮಂತ್ರಗಾರನ ಫ್ಲೇಮ್‌ಸ್ಟ್ರೈಕಿಗೆ 7 ಹರಳು. ನೆಲದ ಮೇಲೆ ಮೂರು ಆಳಿದ್ದು ಅವುಗಳ ಹೊಡೆತ ಸಾಕು ಅನ್ನಿಸಿದರೆ ನಾಲ್ಕನೆಯದನ್ನು ಕೈಯಲ್ಲಿಡಿ, ಆ ಹರಳನ್ನು ಬೇಟೆಗಾರನ ಶಕ್ತಿಗೆ ಕೊಡಿ. 2 ಹೊಡೆತ ಹೇಗೂ ಸಿಗುತ್ತದೆ, ಅದನ್ನು ಯಾವ ಮಂತ್ರವೂ ಗುಡಿಸಿಹಾಕಲಾರದು.

ಮಂತ್ರದ ಕಾರ್ಡುಗಳನ್ನೂ ಆದಷ್ಟು ಕೊನೆಗೆ ಇಟ್ಟುಕೊಳ್ಳಿ. ಆರ್ಕೇನ್ ಶಾಟ್, 1 ಹರಳಿಗೆ 2 ಹೊಡೆತ. ಕಿಲ್ ಕಮಾಂಡ್, 3 ಹರಳಿಗೆ 3 ಹೊಡೆತ, ನಿಮ್ಮ ಕಡೆ ಒಂದು ಮೃಗ ನಿಂತಿದ್ದರೆ 5. ಎರಡನ್ನೂ ಕೈಯಲ್ಲಿ ಹಿಡಿದು, ಒಂದು ಮೃಗವನ್ನು ಉಳಿಸಿಕೊಂಡು, 6 ಹರಳು ಬಂದಾಗ 5+2+2, ಒಟ್ಟು 9. ಎದುರಾಳಿಗೆ 9 ಜೀವ ಉಳಿದಿದ್ದರೆ ಅವನ ಮುಂದೆ ಎಷ್ಟು ಕಾವಲುಗಾರರಿದ್ದರೂ ಅಷ್ಟೇ. ಅವನಿಗೆ ಇದು ಗೊತ್ತಿರುವುದಿಲ್ಲ, ನನಗಿನ್ನೂ 9 ಇದೆ ಅಂತ ನಿಶ್ಚಿಂತೆಯಿಂದ ಇರುತ್ತಾನೆ. ಸರದಿಗೆ 75 ಸೆಕೆಂಡು ಸಮಯ ಕೊಟ್ಟಿದ್ದಾರೆ, ಕೊನೆಗೆ ಒಂದು ಹಗ್ಗ ಉರಿಯಲು ಶುರುವಾಗುತ್ತದೆ. ಮೊದಲ ಹತ್ತು ಸೆಕೆಂಡು ಏನನ್ನೂ ಮುಟ್ಟದೆ ಈ ಕೂಡುವ ಲೆಕ್ಕ ಮಾಡಿ.

ಸೈನ್ಯದ ನಾಯಕ ವಾರಿಯರ್ ಎದುರಾದರೆ ಮಾತ್ರ ಕಷ್ಟ. ಅವನ ಶಕ್ತಿ 2 ಹರಳಿಗೆ 2 ಕವಚ. ನಮ್ಮ ಬೇಟೆಗಾರ 2 ಹೊಡೆದರೆ ಅವನು 2 ತೊಡುತ್ತಾನೆ, ಅಲ್ಲಿಗಲ್ಲಿಗೆ ಸರಿ. ಅವನ ಜೊತೆ ಆಟ ಉದ್ದ ಬೆಳೆದರೆ ಸೋಲು ಖಂಡಿತ ಅಂತಲೇ ತಿಳಿದು ಆಡಿ.

ದುಡ್ಡಿನ ಮಾತು

ಕಾರ್ಡಿನ ಪ್ಯಾಕೆಟ್ಟನ್ನು ದುಡ್ಡಿಗೂ ಮಾರುತ್ತಾರೆ, ಆಟದೊಳಗೆ ಗಳಿಸುವ 100 ಚಿನ್ನಕ್ಕೂ ಕೊಡುತ್ತಾರೆ. ಒಂದರಲ್ಲಿ 5 ಕಾರ್ಡು. ಯಾವುದು ಬರುತ್ತದೋ ಒಡೆದ ಮೇಲೇ ಗೊತ್ತಾಗುವುದು. ಜಾತ್ರೆಯ ಲಕ್ಕಿ ಡಿಪ್ ಇದ್ದ ಹಾಗೆ. ಹುಡುಗ ಅಂದುಕೊಂಡಂತೆ ಅಪ್ಪನ ದುಡ್ಡು ಹಾಕಿದರೂ ಬೇಕಾದ ಕಾರ್ಡೇ ಬರುತ್ತದೆ ಅಂತ ಹೇಳುವವರು ಯಾರು?

ಆದರೆ ಬೇಡದ ಕಾರ್ಡನ್ನು ಪುಡಿ ಮಾಡಿ, ಆ ಪುಡಿಯಿಂದ ಬೇಕಾದ ಕಾರ್ಡನ್ನು ಮಾಡಿಕೊಳ್ಳುವ ದಾರಿ ಆಟದಲ್ಲೇ ಇದೆ. ಸಾಮಾನ್ಯ ಕಾರ್ಡಿಗೆ 40 ಪುಡಿ, ರೇರ್ ಕಾರ್ಡಿಗೆ 100, ಎಪಿಕ್ ಕಾರ್ಡಿಗೆ 400. ಎಲ್ಲಕ್ಕಿಂತ ಮೇಲಿನ ಲೆಜೆಂಡರಿ ಕಾರ್ಡಿಗೆ 1600. ಈಗ ನೋಡಿ, ನುಗ್ಗುವ ಕಟ್ಟಿಗೆ ಬೇಕಾದವು ಹೆಚ್ಚಾಗಿ ಸಾಮಾನ್ಯ ಕಾರ್ಡುಗಳೇ. ಮೂವತ್ತಕ್ಕೆ ಮೂವತ್ತೂ ಸಾಮಾನ್ಯ ಕಾರ್ಡನ್ನೇ ಮಾಡಿಕೊಂಡರೂ 30 × 40 = 1200. ಒಂದು ಲೆಜೆಂಡರಿ ಕಾರ್ಡಿನ ಬೆಲೆಗಿಂತ ಇಡೀ ಕಟ್ಟು ಅಗ್ಗ! ಅದೂ ಅಲ್ಲದೆ 2021ರಿಂದ ಕೋರ್ ಎಂಬ ಒಂದು ಗುಂಪಿನ ಕಾರ್ಡುಗಳು ಎಲ್ಲ ಆಟಗಾರರಿಗೂ ಬಿಟ್ಟಿ. ನಾನು ಹೆಸರು ಹೇಳಿದ ಹಳೇ ಕಾರ್ಡು ಸ್ಟ್ಯಾಂಡರ್ಡ್ ವಿಭಾಗದಲ್ಲಿ ಕಾಣದಿದ್ದರೆ ವೈಲ್ಡ್ ವಿಭಾಗದಲ್ಲಿ ನೋಡಿ, ಅಲ್ಲಿ ಹಳೆಯವೂ ನಡೆಯುತ್ತವೆ. ಹೆಸರು ಬೇರೆಯಾದರೂ ಬೆಲೆ ಮತ್ತು ಹೊಡೆತ ನೋಡಿ ಅದೇ ರೀತಿಯದನ್ನು ಆರಿಸಿದರೆ ಸಾಕು.

ನಮ್ಮ ಹುಡುಗನ ಹತ್ರ ಅವನು ಬಳಸದೇ ಇಟ್ಟಿದ್ದ ಒಂದು ಲೆಜೆಂಡರಿ ಇತ್ತು. ಪುಡಿ ಮಾಡಿದರೆ 400 ಬರುತ್ತದೆ, ಹತ್ತು ಸಾಮಾನ್ಯ ಕಾರ್ಡಿಗೆ ಸಾಕು. "ಅದು ಮಾತ್ರ ಬೇಡಣ್ಣ, ಫಳಫಳ ಅಂತದೆ" ಅಂತ ಒಂದು ದಿನ ಪೂರ್ತಿ ಒಪ್ಪಲಿಲ್ಲ. ಮಾರನೇ ದಿನ ತಾನೇ ಪುಡಿ ಮಾಡಿದ. ರಜೆ ಮುಗಿಯುವ ಭಾನುವಾರ ಹತ್ತು ಆಟದಲ್ಲಿ ಆರು ಗೆದ್ದ. ಚಿಕ್ಕಪ್ಪನ ಹಾಲಿನ ದುಡ್ಡು ಅಲ್ಲೇ ಇದೆ. ಈ ಕಟ್ಟಿನ ಆಟ ಬೇಗ ಮುಗಿಯುವುದರಿಂದ ಚಿಕ್ಕಮ್ಮ ಕೊಡುವ ಅರ್ಧ ಗಂಟೆಯಲ್ಲಿ ನಾಲ್ಕು ಆಟ ಆಗುತ್ತವೆ ಅಂತ ಅವನಿಗೆ ಇನ್ನೂ ಖುಷಿ.

ನಿಮಗೊಂದು ಲೆಕ್ಕ

ನಿಮ್ಮ ಸರದಿ, 6 ಹರಳಿದೆ. ಎದುರಾಳಿ ನಾಯಕನಿಗೆ 14 ಜೀವ. ಅವನ ಮುಂದೆ 2 ಜೀವ, 3 ಹೊಡೆತದ ಒಬ್ಬ ಕಾವಲುಗಾರ ನಿಂತಿದ್ದಾನೆ. ನಿಮ್ಮ ಕಡೆ ಹೊಡೆಯಲು ಸಿದ್ಧವಾಗಿರುವ ಮೂರು ಆಳು: 3 ಹೊಡೆತದ ಒಂದು ಮೃಗ, ಮೃಗವಲ್ಲದ 3 ಹೊಡೆತದ ಇನ್ನೊಂದು, 1 ಹೊಡೆತದ ಮತ್ತೊಂದು. ಮೂರಕ್ಕೂ ಜೀವ ಎರಡೆರಡು. ಕೈಯಲ್ಲಿ ಆರ್ಕೇನ್ ಶಾಟ್, ಕಿಲ್ ಕಮಾಂಡ್, ವುಲ್ಫ್‌ರೈಡರ್ ಇವೆ. ಬೇಟೆಗಾರನ ಶಕ್ತಿಯೂ ಉಂಟು. ಆರ್ಕೇನ್ ಶಾಟನ್ನೂ ಕಿಲ್ ಕಮಾಂಡನ್ನೂ ಆಳಿಗಾದರೂ ನಾಯಕನಿಗಾದರೂ ಹಾಕಬಹುದು. ಈ ಸರದಿಯಲ್ಲೇ ಗೆಲ್ಲಬೇಕು. ದಾರಿ ಒಂದೇ ಇದೆ. ಯಾವುದನ್ನು ಯಾರ ಮೇಲೆ, ಯಾವ ಕ್ರಮದಲ್ಲಿ ಬಿಡುತ್ತೀರಿ ಅಂತ ಚೀಟಿಯಲ್ಲಿ ಬರೆದು, ಹೆಸರು ಮತ್ತು ತರಗತಿ ಹಾಕಿ, ಗೋಡೆ ಪತ್ರಿಕೆಯ ಕೆಳಗಿರುವ ಡಬ್ಬಿಗೆ ಹಾಕಿ. ಸರಿಯುತ್ತರ ಮುಂದಿನ ಸಂಚಿಕೆಯಲ್ಲಿ.

– ಹತ್ತನೇ ತರಗತಿ, 'ಬಿ' ವಿಭಾಗ